ತಾತನ ಕೋವಿಯ ಸೇಫ್ಟಿ

ಗುಂಡು ಬಿದ್ದದ್ದು ಬಟ್ಟೆ ಒಗೆಯುವ ಮೆಷಿನ್ನಿಗೆ.

ಭಾನುವಾರದ ಇಳಿಹೊತ್ತು. ತಾತನೂ ಮೊಮ್ಮಗಳೂ ಬೆಳಗಿನಿಂದ ಕಾಡಂಚಿನಲ್ಲಿ ಅಲೆದು, ಒಂದು ಜಿಂಕೆಯ ಬಾಲವನ್ನೂ ಕಾಣದೆ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದಿದ್ದರು. ಕೋವಿಯಿಂದ ತೋಟಾ ತೆಗೆಯಬೇಕಾದದ್ದು ಬೇಲಿಯ ಆಚೆಗೇ. ಅದು ಆ ಮನೆಯ ನಿಯಮ, ತಾತನೇ ಮಾಡಿದ್ದು. ಆದರೆ ಅವತ್ತು ಮಳೆ ಅಡ್ಡಡ್ಡ ಬೀಸುತ್ತಿತ್ತು. "ಹಿತ್ತಲಿಗೆ ಹೋಗಿ ತೆಗಿಯೇ, ಇಲ್ಲಿ ನಿಂತ್ರೆ ಕೈ ಮರಗಟ್ಟುತ್ತೆ" ಎಂದು ತಾತ ಕೋವಿಯನ್ನು ಮೊಮ್ಮಗಳ ಕೈಗೆ ಕೊಟ್ಟ.

ಅವಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹುಟ್ಟಿದಾಗ ಅಂಗೈ ಅಗಲ ಇದ್ದಳೆಂದು ಇಟ್ಟ ಹೆಸರು. ಈಗ ಅವಳು ಹಿತ್ತಲ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು, ಊರಾಚೆಯ ಕೋಳಿಮರಿ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ, ಹೋದ ವರ್ಷ ಬೇಟೆಯ ಪರವಾನಗಿಯನ್ನೂ ಮಾಡಿಸಿಕೊಂಡಿದ್ದಾಳೆ. ಹೆಸರು ಮಾತ್ರ ಬದಲಾಗಲಿಲ್ಲ. ಅವಳು ಸೂರಿನ ಕೆಳಗೆ ನಿಂತು, ಟ್ರಿಗರಿಗೆ ಬೀಗ ಹಾಕುವ ಸೇಫ್ಟಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ, ತೋಟಾ ಹೊರಗೆಳೆಯಲು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಹಿಡಿಗೆ ಕೈಹಾಕಿದಳು. ಒದ್ದೆಯಾಗಿ ಉಬ್ಬಿದ್ದ ಉಣ್ಣೆಯ ಕೈಗವಸು ಟ್ರಿಗರಿಗೆ ಸಿಕ್ಕಿಕೊಂಡಿತು.

ಗುಂಡು ಬಚ್ಚಲ ಕೊಟ್ಟಿಗೆಯ ಹಲಗೆಯನ್ನು ತೂರಿ, ಮೆಷಿನ್ನಿನ ಗಾಜಿನ ಬಾಗಿಲನ್ನು ಪುಡಿಮಾಡಿ, ತಿರುಗುತ್ತಿದ್ದ ಬಟ್ಟೆಗಳ ನಡುವೆ ಹಾದು, ಹಿಂದಿನ ಇಟ್ಟಿಗೆ ಗೋಡೆಯಲ್ಲಿ ಹೋಗಿ ಕೂತಿತು. ಮೆಷಿನ್ನು ಇನ್ನೆರಡು ಸುತ್ತು ಸುತ್ತಿ, ಗೊರಗೊರ ಎಂದು ನಿಂತಿತು.

ತಾತನ ಸೊಸೆ, ಗುಬ್ಬಿಯ ಅಮ್ಮ, ಆಗಷ್ಟೇ ಮೆಷಿನ್ನಿನ ಮುಂದಿನಿಂದ ಎದ್ದು ಹೋಗಿದ್ದಳು. ಅಡಿಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳಿ ಓಡಿದ್ದಳು. ಸಿಡಿದ ಸದ್ದಿಗೆ ಅವಳು ಕೈಯಲ್ಲಿ ಮಸಿಬಟ್ಟೆ ಹಿಡಿದೇ ಹೊರಗೆ ಬಂದಳು. ಮಗಳ ಮುಖ ನೋಡಿದಳು, ಮಾವನ ಮುಖ ನೋಡಿದಳು, ಕೊಟ್ಟಿಗೆಯ ಬಾಗಿಲು ತೆಗೆದಳು. ಸೋಪಿನ ನೀರು ಅವಳ ಪಾದದ ಮೇಲೆ ಹರಿಯಿತು. ಅವಳು ಕಿರುಚಲಿಲ್ಲ. ಗಾಜಿನ ಚೂರುಗಳ ನಡುವಿನಿಂದ ಹಾಸಿಗೆಯ ಹೊದಿಕೆಯನ್ನು ಎಳೆದು, ಎರಡು ಕೈಯಲ್ಲಿ ಅಗಲವಾಗಿ ಬಿಡಿಸಿದಳು. ಒಂದೇ ಗುಂಡು, ಆದರೆ ಮಡಿಕೆಯಾಗಿ ಸುತ್ತಿಕೊಂಡಿದ್ದ ಬಟ್ಟೆಯಲ್ಲಿ ತೂತುಗಳು ಉದ್ದಕ್ಕೂ ಇದ್ದವು.

ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಏನ್ರೀ ಅದು, ಟೈರ್ ಒಡೀತಾ?" ಎಂದು ಕೇಳಿದಳು.

"ಹೂಂ ಕಣ್ರೀ" ಎಂದಳು ಸೊಸೆ. ಹೊದಿಕೆಯನ್ನು ಮತ್ತೆ ಮಡಿಚತೊಡಗಿದಳು.

ರಾತ್ರಿಯ ಊಟಕ್ಕೆ ಮೊಟ್ಟೆಯೇ. ಕೋಳಿಮರಿ ಕೇಂದ್ರದಲ್ಲಿ ಬಿರುಕುಬಿಟ್ಟ ಮೊಟ್ಟೆಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಗುಬ್ಬಿ ಡಬ್ಬಿ ತುಂಬ ತರುತ್ತಿದ್ದಳು. ಬೇಟೆಯ ವಾರಗಳಲ್ಲಿ ಒಂದು ಜಿಂಕೆ ಸಿಕ್ಕಿಬಿಟ್ಟರೆ ಚಳಿಗಾಲ ಪೂರ್ತಿ ಮಾಂಸಕ್ಕೆ ಯೋಚನೆ ಇರುತ್ತಿರಲಿಲ್ಲ. ಇಲ್ಲದಿದ್ದರೆ ಮೊಟ್ಟೆ, ಆಲೂಗಡ್ಡೆ, ಮತ್ತೆ ಮೊಟ್ಟೆ.

ತಾತನ ಮಗ ಸಿಟಿ ಬಸ್ಸಿನ ಡ್ರೈವರ್. ಸಂಜೆಯ ಪಾಳಿ ಮುಗಿಸಿ ಬಂದಾಗ ಅವನಿಗೆ ಮೊದಲು ಕಂಡದ್ದು ಕುರ್ಚಿಯ ಬೆನ್ನಿಗೆ ಒಣಗಹಾಕಿದ್ದ ತನ್ನ ಸಮವಸ್ತ್ರದ ಅಂಗಿ. ಜೇಬಿನ ಹತ್ತಿರ ಬೆರಳು ತೂರುವಷ್ಟು ತೂತು.

"ಇದನ್ನ ಹಾಕ್ಕೊಂಡು ಹೋದ್ರೆ ಪ್ರಯಾಣಿಕರು ಏನಂದ್ಕೋತಾರೆ?"

"ಬದುಕಿ ಬಂದಿದ್ದಾನಲ್ಲ ಅಂದ್ಕೋತಾರೆ" ಎಂದಳು ಹೆಂಡತಿ. "ಕೂತ್ಕೊಳ್ಳಿ, ಊಟ ಆರುತ್ತೆ."

ಗುಬ್ಬಿ ತಟ್ಟೆ ಮುಟ್ಟಲಿಲ್ಲ. ತಾತ ಬ್ರೆಡ್ಡನ್ನು ಚೂರು ಮಾಡುತ್ತಾ, "ಕೈಗವಸು ಹಾಕ್ಕೊಂಡು ಟ್ರಿಗರ್ ಹತ್ರ ಕೈ ಒಯ್ಯಬಾರದು ಅಂತ ಎಷ್ಟು ಸಲ ಹೇಳಿದ್ದೆ" ಎಂದ.

"ಬೇಲಿ ಆಚೆ ತೋಟಾ ತೆಗೀಬೇಕು ಅಂತಾನೂ ನೀನೇ ಹೇಳಿದ್ದೆ ತಾತ."

"ನೋಡು, ಎದುರುತ್ತರ."

"ಅಪ್ಪ, ನನಗೊಂದು ಅರ್ಥ ಆಗ್ಲಿಲ್ಲ" ಎಂದ ಮಗ. ಅವನು ಕೋವಿ ಮುಟ್ಟಿದವನೇ ಅಲ್ಲ. "ತೋಟಾ ತೆಗೆಯೋಕೆ ಸೇಫ್ಟಿ ಯಾಕೆ ಬಿಡ್ಬೇಕು? ಹಾಕ್ಕೊಂಡೇ ತೆಗೀಬಹುದಲ್ಲ?"

"ಈ ಕೋವೀಲಿ ಆಗಲ್ಲ. ಸೇಫ್ಟಿ ಹಾಕಿದ್ರೆ ಬೋಲ್ಟಿಗೂ ಬೀಗ ಬೀಳುತ್ತೆ. ಬೋಲ್ಟ್ ತೆಗೀದೆ ತೋಟಾ ಈಚೆ ಬರಲ್ಲ. ಅದಕ್ಕೇ ಮೊದ್ಲು ಸೇಫ್ಟಿ ಬಿಡ್ಬೇಕು, ಆಮೇಲೆ ಬೋಲ್ಟ್ ಎಳೀಬೇಕು."

"ಅಂದ್ರೆ ಗುಂಡು ತೆಗೆಯೋ ಹೊತ್ತಿಗೆ ಸರಿಯಾಗಿ ಗುಂಡು ಹಾರೋಕೆ ರೆಡಿಯಾಗಿರುತ್ತೆ. ಇದ್ಯಾವ ಸೀಮೆ ಸೇಫ್ಟಿ ಅಪ್ಪ?"

"ಹಳೇ ಕಾಲದ್ದು ಹಂಗೇ ಇರೋದು. ನಾನು ಮಿಲ್ಲಿಗೆ ಸೇರಿದ ವರ್ಷ ತಗೊಂಡ ಕೋವಿ. ನಿನಗಿಂತ ದೊಡ್ಡದು. ಇದುವರೆಗೂ ಕೆಮ್ಮಿಲ್ಲ."

"ಇವತ್ತು ಕೆಮ್ತಲ್ಲ" ಎಂದಳು ಸೊಸೆ. ಅವಳ ದನಿ ಏರಲಿಲ್ಲ. "ಮಾವ, ಅದು ಈ ಮನೇಲಿ ಇರಬಾರದು. ಯಾರಿಗಾದ್ರೂ ಕೊಟ್ಬಿಡಿ. ಇಲ್ಲಾಂದ್ರೆ ನಾನು ಮನೆ ಬಿಟ್ಟು ಹೋಗ್ತೀನಿ ಅಂತ ಹೇಳ್ಬೇಕು ಅನ್ಸುತ್ತೆ. ಆದ್ರೆ ಎಲ್ಲಿಗೆ ಹೋಗ್ಲಿ, ನಿಂತೂ ನಿಂತೂ ಕಾಲು ಪದ ಹೇಳ್ತಿದೆ."

ಮಗ ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಸೇಫ್ಟಿನ ಬದಲಾಯಿಸೋಕೆ ಆಗುತ್ತಾ ಅಂತ ರಿಪೇರಿ ಅಂಗಡಿಯ ರೇಡಿಯೋನ ಕೇಳಿ ನೋಡ್ತೀನಿ" ಎಂದ.

"ಯಾರ ಕೋವಿ ಅದು?" ಎಂದ ತಾತ.

"ನಿಂದೇ ಅಪ್ಪ."

"ಹಾಗಾದ್ರೆ ಯಾರನ್ನೂ ಕೇಳೋದು ಬೇಡ."

ಮೆಷಿನ್ನು ನೋಡಲು ಬಂದವನು ಒಳಗೆ ಕೈಹಾಕಿ, ತೂತನ್ನು ಸವರಿ, ಇದು ಹೇಗಾಯಿತೆಂದು ಕೇಳಿದ. ಸೊಸೆ ಚಹಾಕ್ಕೆ ನೀರಿಟ್ಟಳು. ಡ್ರಮ್ಮು ಹೋದ ಮೇಲೆ ಇದನ್ನು ರಿಪೇರಿ ಮಾಡುವುದೂ ಒಂದೇ, ಗುಜರಿಗೆ ಹಾಕುವುದೂ ಒಂದೇ ಎಂದು ಹೇಳಿ, ಚಹಾ ಕುಡಿದು ಹೊರಟುಹೋದ. ಹೊಸದು ಮುಂದೆ ನೋಡೋಣ ಎಂದಾಯಿತು.

ಸೊಸೆಯ ಕೆಲಸ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ. ಮನುಷ್ಯ ನಿಲ್ಲುವಷ್ಟು ಎತ್ತರದ ಮೆಷಿನ್ನುಗಳಿಗೆ ಹಗಲೆಲ್ಲ ಹೊದಿಕೆ, ದಿಂಬಿನ ಚೀಲ, ಹಸಿರು ನಿಲುವಂಗಿಗಳನ್ನು ತುಂಬುವುದು, ಬಿಸಿಬಿಸಿಯಾಗಿ ಹೊರಗೆಳೆಯುವುದು. ಮನೆಗೆ ಬಂದರೆ ಈಗ ತೊಟ್ಟಿಯಲ್ಲಿ ಕೈಯಿಂದ ಕುಕ್ಕುವುದು. "ಆಸ್ಪತ್ರೇಲಿ ಊರೋರ ಬಟ್ಟೆ, ಇಲ್ಲಿ ನಿಮ್ಮ ಬಟ್ಟೆ. ಸತ್ತ ಮೇಲಾದ್ರೂ ನನ್ನ ಕೈ ಒಣಗುತ್ತೋ ಇಲ್ವೋ" ಎಂದು ಅವಳು ತೊಟ್ಟಿಗೆ ಹೇಳುತ್ತಿದ್ದಳು.

ಗುಬ್ಬಿ ಆ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡಳು. ಕೆಲಸದಿಂದ ಬಂದವಳೇ ತೋಳು ಮಡಿಚಿ ಕೂರುತ್ತಿದ್ದಳು. ಅಪ್ಪನ ಪ್ಯಾಂಟು, ಅಮ್ಮನ ಏಪ್ರನ್ನು, ತಾತನ ದಪ್ಪ ಬನಿಯನ್ನುಗಳು. ಚಳಿಗೆ ಏನೂ ಒಣಗುತ್ತಿರಲಿಲ್ಲ. ಕುರ್ಚಿ, ಬಾಗಿಲು, ಒಲೆಯ ಮೇಲಿನ ಸರಳು, ಎಲ್ಲೆಲ್ಲೂ ಬಟ್ಟೆ ನೇತಾಡಿ ಮನೆ ಮುಗ್ಗುಲು ವಾಸನೆ ಹೊಡೆಯಿತು. ಅವಳ ಬೆರಳ ಗೆಣ್ಣುಗಳು ಒಡೆದು ಕೆಂಪಾದವು.

ಒಂದು ಸಂಜೆ ತಾತ ಸ್ಟೂಲು ಎಳೆದುಕೊಂಡು ತೊಟ್ಟಿಯ ಪಕ್ಕ ಕೂತ. "ಈ ಭಾನುವಾರ ಹಳ್ಳದ ಆಚೆ ದಡಕ್ಕೆ ಹೋಗೋಣ. ಅಲ್ಲಿ ಹೆಜ್ಜೆ ಬಿದ್ದಿವೆ ಅಂತೆ."

"ನಾನು ಬರಲ್ಲ ತಾತ."

"ಹೆದರಿಕೆನಾ?"

"ಹೂಂ."

ಅಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾಳೆಂದು ತಾತ ಎಣಿಸಿರಲಿಲ್ಲ. "ಒಂದ್ಸಲ ಆಯ್ತು ಅಂತ ಬಿಟ್ರೆ ಆಮೇಲೆ ಯಾವತ್ತೂ ಹಿಡಿಯಲ್ಲ ನೀನು."

"ಸೇಫ್ಟಿ ಬದಲಾಯಿಸಿದ್ರೆ ಬರ್ತೀನಿ. ಕೋಳಿಮರಿ ಕೇಂದ್ರದ ಡ್ರೈವರ್ ಹತ್ರ ಒಂದು ಕೋವಿ ಇದೆ. ಸೇಫ್ಟಿ ಹಾಕಿದ್ರೂ ಬೋಲ್ಟ್ ತೆರೆಯುತ್ತೆ. ಆರಾಮಾಗಿ ತೋಟಾ ತೆಗೀತಾನೆ."

"ತೆಗೀತಾನೆ! ಪೊದೆ ನುಗ್ಗುವಾಗ ಕೊಂಬೆ ಸಿಕ್ಕಿ ಬೋಲ್ಟ್ ತಾನೇ ತೆರ್ಕೊಳ್ಳುತ್ತೆ. ತೋಟಾ ಎಲ್ಲೋ ಬಿದ್ದು ಹೋಗುತ್ತೆ. ಜಿಂಕೆ ಎದುರಿಗೆ ಬಂದಾಗ ಬಾಯಲ್ಲಿ ಡಬ್ ಅನ್ಲಾ?"

ಗುಬ್ಬಿಗೆ ನಗು ಬಂತು, ಆದರೆ ತಲೆ ಎತ್ತಲಿಲ್ಲ. "ಅಮ್ಮ ಅಲ್ಲೇ ಕೂತಿದ್ಲು ತಾತ" ಎಂದಳು. "ಆ ಮೆಷಿನ್ ಮುಂದೆ. ಮಣೆ ಹಾಕ್ಕೊಂಡು."

ತಾತ ಸ್ಟೂಲು ಎತ್ತಿಕೊಂಡು ಒಳಗೆ ಹೋದ.

ಮಗ ಕೊನೆಗೂ ರೇಡಿಯೋನನ್ನು ಕೇಳಿಯೇ ಬಂದ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕತ್ತರಿ ಸಾಣೆ ಹಿಡಿಯುವ, ಬೀಗ, ಹೊಲಿಗೆ ಮೆಷಿನ್ನು, ಬೇಟೆ ಕೋವಿ ರಿಪೇರಿ ಮಾಡುವ ಆಸಾಮಿ. ಬಾಯಿ ಬಂದ್ ಮಾಡುವುದು ಗೊತ್ತಿಲ್ಲದ್ದರಿಂದ ಆ ಹೆಸರು. ಹಳೇ ಸೇಫ್ಟಿ ತೆಗೆದು ಮೂರು ಹಂತದ್ದೊಂದನ್ನು ಕೂರಿಸಬಹುದು, ಅದರಲ್ಲಿ ಕೊಂಬೆ ಸಿಕ್ಕುವ ಭಯವೂ ಇಲ್ಲ ಎಂದು ಅವನು ಹೇಳಿದ್ದ.

"ಕೋವಿ ನೀನೇ ತರ್ಬೇಕಂತೆ ಅಪ್ಪ. ಕೋವಿಯ ಪರವಾನಗಿ ನಿನ್ನ ಹೆಸರಲ್ಲಿದೆ."

ತಾತ ಆಲೂಗಡ್ಡೆ ಸುಲಿಯುತ್ತಿದ್ದ. "ಅಂದ್ರೆ ಇಷ್ಟು ವರ್ಷ ನಾನು ಮನೇಲಿ ಹಾವು ಸಾಕಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ಬೇಕು."

"ಯಾರು ಹಾಗಂದ್ರು? ಬಸ್ಸಿಗೂ ಹೊಸ ಬ್ರೇಕ್ ಹಾಕಿಸ್ತಾರೆ. ಹಾಗಂತ ಇಷ್ಟು ದಿನ ನಾನು ಜನರನ್ನ ಕೊಲ್ತಾ ಇದ್ದೆ ಅಂತಾನಾ?"

"ಬಸ್ಸು ಬೇರೆ."

"ಬೇರೆ ಹೇಗೆ?"

"ಬಸ್ಸು ನಿಂದಲ್ಲ. ಇಳಿದು ಮನೆಗೆ ಬರ್ತೀಯ."

ಅಡಿಗೆಮನೆಯಿಂದ ಸೊಸೆ, "ಸುಲಿದಿದ್ದಾಯ್ತಾ ಮಾವ? ಸಿಪ್ಪೆ ಜೊತೆ ಅರ್ಧ ಆಲೂಗಡ್ಡೆ ಹೋಗ್ತಾ ಇದೆ" ಎಂದಳು. ತಾತ ಚಾಕು ಕೆಳಗಿಟ್ಟ. ಅವನ ಹೆಬ್ಬೆರಳ ಬುಡ ಊದಿಕೊಂಡಿತ್ತು. ಚಳಿಗಾಲದಲ್ಲಿ ಹಾಗಾಗುತ್ತಿತ್ತು. ಯಾರಾದರೂ ನೋಡಿದರೆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಭಾನುವಾರ ಅವನು ಒಬ್ಬನೇ ಹೊರಟ. ಯಾರೂ ತಡೆಯಲಿಲ್ಲ. ಸೊಸೆ ಬ್ರೆಡ್ಡಿನ ನಡುವೆ ಬೇಯಿಸಿದ ಮೊಟ್ಟೆ ಇಟ್ಟು ಪೊಟ್ಟಣ ಕಟ್ಟಿಕೊಟ್ಟಳು. "ಬೇಗ ಬನ್ನಿ" ಎಂದಷ್ಟೇ ಹೇಳಿದಳು.

ಹಳ್ಳದ ಆಚೆ ಹೆಜ್ಜೆಗಳೇನೋ ಇದ್ದವು, ಹಳೆಯವು. ಮಧ್ಯಾಹ್ನದವರೆಗೂ ಒಂದು ಬಂಡೆಯ ಮರೆಯಲ್ಲಿ ಕೂತ. ಒಬ್ಬನೇ ಕೂತು ಅಭ್ಯಾಸ ತಪ್ಪಿಹೋಗಿತ್ತು. ಎರಡು ಸಲ ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದ. ಎದ್ದು ಹೊರಡುವಾಗ ಅಲ್ಲೇ, ಹಳ್ಳದ ದಡದಲ್ಲೇ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡ. ಬೇಲಿಯವರೆಗೂ ಕಾಯಲಿಲ್ಲ.

ಹಿತ್ತಲಿಗೆ ಬಂದಾಗ ಇನ್ನೂ ಬೆಳಕಿತ್ತು. ಅಲ್ಲಿ ಯಾರೂ ಇರಲಿಲ್ಲ. ಅಪರೂಪಕ್ಕೆ ಬಿಸಿಲು ಬಿದ್ದ ದಿನ, ಆದರೂ ತಂತಿಯ ಮೇಲೆ ಒಂದು ಬಟ್ಟೆಯೂ ಇಲ್ಲ. ಕೆಳಗೆ ನೆಲದಲ್ಲಿ ನೀರು ತೊಟ್ಟಿಕ್ಕಿದ ಗುರುತು ಹಸಿಯಾಗಿಯೇ ಇತ್ತು. ಈಗಷ್ಟೇ ಯಾರೋ ಒದ್ದೆ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಅಡಿಗೆಮನೆಯ ಕಿಟಕಿ ಮುಚ್ಚಿತ್ತು, ಹಿತ್ತಲ ಬಾಗಿಲು ಮುಚ್ಚಿತ್ತು. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಹತ್ತಿರ ಯಾರೂ ಇದ್ದಂತಿರಲಿಲ್ಲ.

ತಾತ ಮನೆಯ ಪಕ್ಕದ ಓಣಿಯಲ್ಲಿ ನಡೆದು ಬೀದಿಯ ಕಡೆಗೆ ಬಂದ. ಮುಂದಿನ ಕೋಣೆಯ ಕಿಟಕಿಯಲ್ಲಿ ಕಂಡರು. ಮೂವರೂ ಒಂದೇ ಮಂಚದ ಮೇಲೆ ಸಾಲಾಗಿ ಕೂತಿದ್ದರು. ಸೊಸೆಯ ತೊಡೆಯ ಮೇಲೆ ಒದ್ದೆ ಬಟ್ಟೆಯ ರಾಶಿ. ಮಗ ರಜೆಯ ದಿನವಾದರೂ ಬೂಟು ಹಾಕಿಕೊಂಡಿದ್ದ. ಗುಬ್ಬಿ ಹಿತ್ತಲ ಕಡೆಗೆ ಕಿವಿ ಕೊಟ್ಟು ಕೂತಿದ್ದಳು. ತಾತ ಬೇಲಿ ದಾಟುವುದನ್ನು ನೋಡಿ ಮೂವರೂ ಎದ್ದು ಬಂದು, ಮನೆಯ ಎಲ್ಲ ಗೋಡೆಗಳನ್ನೂ ನಡುವೆ ಇಟ್ಟುಕೊಂಡು, ಅವನು ಕೋವಿ ಖಾಲಿ ಮಾಡಿ ಮುಗಿಸಲಿ ಎಂದು ಕಾಯುತ್ತಿದ್ದರು.

ಅವನು ಕಿಟಕಿಗೆ ಬೆರಳಿನಿಂದ ಬಡಿದ. ಮೂವರೂ ಬೆಚ್ಚಿಬಿದ್ದರು.

"ತೆಗೆದಿದ್ದೀನಿ" ಎಂದ ತಾತ ಗಾಜಿನ ಆಚೆಯಿಂದ. "ಹಳ್ಳದ ಹತ್ರಾನೇ ತೆಗೆದೆ. ಈಚೆ ಬನ್ನಿ. ಒಲೆ ಮೇಲೆ ಏನೋ ಸೀಯ್ತಾ ಇದೆ."

ಸೊಸೆ ಬಟ್ಟೆಯ ರಾಶಿಯನ್ನು ಮಗಳ ಮಡಿಲಿಗೆ ಹಾಕಿ ಓಡಿದಳು. ಆ ರಾತ್ರಿ ತಳಹಿಡಿದ ಸೂಪನ್ನೇ ಎಲ್ಲರೂ ಕುಡಿದರು. ತಾತ ಚೆನ್ನಾಗಿದೆ ಎಂದ. ಯಾವತ್ತೂ ಹಾಗೆ ಅಂದವನಲ್ಲ.

ಬಟ್ಟಲು ತೊಳೆದಿಡುವಾಗ ಸೊಸೆಯೇ ಮಾತು ತೆಗೆದಳು. "ಮಾವ, ನಾವು ಬೇಕು ಅಂತ ಮಾಡಿದ್ದಲ್ಲ. ನೀವು ಬರೋದು ಕಾಣ್ತು, ಕಾಲು ತಾನಾಗೇ ಮುಂದಿನ ಕೋಣೆಗೆ ಹೋಯ್ತು."

"ಗೊತ್ತಾಯ್ತು ತಾಯಿ" ಎಂದ ತಾತ. "ರೇಡಿಯೋ ಅಂಗಡಿ ಸೋಮವಾರ ತೆಗೀತಾನಾ?"

ರೇಡಿಯೋ ಸೋಮವಾರ ಅಂಗಡಿ ತೆಗೆದಿದ್ದ. ಗುಬ್ಬಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ತಾತನ ಜೊತೆ ಹೋದಳು. ರೇಡಿಯೋ ಕೋವಿ ಬಿಚ್ಚುತ್ತಾ ತನ್ನ ಮಂಡಿನೋವು, ಬಾಮೈದನ ಮದುವೆ ಮುರಿದದ್ದು, ಈಗಿನ ಕತ್ತರಿಗಳ ಗುಣಮಟ್ಟ ಎಲ್ಲವನ್ನೂ ಹೇಳಿದ. ನಡುನಡುವೆ ಸೇಫ್ಟಿಯ ವಿಷಯವೂ ಬಂತು.

"ಹಿಂದಕ್ಕೆ ಇದ್ರೆ ಎಲ್ಲಾ ಬೀಗ. ಟ್ರಿಗರಿಗೂ ಬೀಗ, ಬೋಲ್ಟಿಗೂ ಬೀಗ. ಪೊದೆ ನುಗ್ಗಿ, ಬೇಲಿ ಹಾರಿ, ಏನಾಗಲ್ಲ. ಒಂದು ಹಂತ ಮುಂದೆ ತಳ್ಳಿದ್ರೆ ನಡುವೆ ನಿಲ್ಲುತ್ತೆ. ಟ್ರಿಗರಿಗೆ ಬೀಗ ಹಂಗೇ ಇರುತ್ತೆ, ಬೋಲ್ಟ್ ಮಾತ್ರ ಬಿಡುತ್ತೆ. ಅಲ್ಲಿಟ್ಕೊಂಡು ತೋಟಾ ತೆಗೀಬೇಕು. ಇನ್ನೊಂದು ಹಂತ ಮುಂದೆ ಹೋದ್ರೆ ಹೊಡೆಯೋಕೆ ರೆಡಿ. ನಮ್ಮ ಬಾಮೈದನೂ ಹಿಂಗೇ ನಡುವೆ ನಿಂತಿದ್ರೆ ಮದುವೆ ಉಳೀತಿತ್ತು."

"ಮರದ ಹಿಡಿ ಕೆತ್ತಬೇಕಾಗುತ್ತಾ?" ತಾತ ಕೇಳಿದ.

"ಒಂಚೂರು. ಉಗುರಿನಷ್ಟು."

ತಾತ ಆ ಜಾಗವನ್ನು ಬೆರಳಿನಿಂದ ಸವರಿದ. ವರ್ಷಗಟ್ಟಲೆ ಹೆಬ್ಬೆರಳು ಉಜ್ಜಿ ಅಲ್ಲಿ ಮರ ಕಪ್ಪಗೆ ಹೊಳೆಯುತ್ತಿತ್ತು. "ಕೆತ್ತು" ಎಂದ.

ಕೆಲಸ ಹೇಳಿದ ದಿನಕ್ಕೆ ಮುಗಿಯಲಿಲ್ಲ. ರೇಡಿಯೋ ಇವತ್ತು ನಾಳೆ ಅನ್ನುತ್ತಾ ವಾರಗಳನ್ನು ತಳ್ಳಿದ. ಕೋವಿಯಿಲ್ಲದ ಮನೆಯಲ್ಲಿ ತಾತ ಏನು ಮಾಡುವುದೆಂದು ತೋಚದೆ ಎಲ್ಲರ ಕಾಲಿಗೂ ಅಡ್ಡ ಸಿಕ್ಕತೊಡಗಿದ. ಕೊಟ್ಟಿಗೆಯ ಹಲಗೆಗೆ ತೇಪೆ ಹೊಡೆದ. ಒಣಗಲು ಹಾಕಿದ ಕಾಲುಚೀಲಗಳನ್ನು ಜೋಡಿ ಮಾಡಿ ತಪ್ಪು ಜೋಡಿ ಕಟ್ಟಿಟ್ಟ. ಸೊಸೆಗೆ ಈರುಳ್ಳಿ ಹೆಚ್ಚುವುದು ಹೇಗೆಂದು ಹೇಳಿಕೊಡಲು ಹೋದ.

"ಆ ರೇಡಿಯೋಗೆ ಫೋನ್ ಮಾಡ್ರೀ, ಬೇಗ ಕೊಡು ಅಂತ" ಎಂದಳು ಸೊಸೆ ಗಂಡನಿಗೆ.

"ನೀನೇ ತಾನೆ ಕೋವಿ ಮನೇಲಿ ಬೇಡ ಅಂದಿದ್ದು?"

"ಬೇಡ ಅಂದಿದ್ದೆ. ಅದಿಲ್ದೇ ಇದ್ರೆ ನಿಮ್ಮಪ್ಪ ಅಡಿಗೆಮನೇಲಿ ಇರ್ತಾರೆ ಅಂತ ಗೊತ್ತಿರ್ಲಿಲ್ಲ."

ಬೇಟೆಯ ಕಾಲ ಮುಗಿಯಲು ಸ್ವಲ್ಪವೇ ದಿನ ಉಳಿದಿರುವಾಗ ಕೋವಿ ಮನೆಗೆ ಬಂತು. ತಾತ ಅದನ್ನು ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಮಲಗಿಸಿದ. ಪಾಳಿ ಇಲ್ಲದ ಸಂಜೆ, ಮಗನೂ ಇದ್ದ. ರೇಡಿಯೋ ಅಭ್ಯಾಸಕ್ಕೆಂದು ಮದ್ದಿಲ್ಲದ ಹುಸಿ ತೋಟಾ ಕೊಟ್ಟಿದ್ದ.

"ನೋಡಿ ಎಲ್ಲಾರೂ" ಎಂದ ತಾತ. ಅವನ ದನಿಯಲ್ಲಿ ಬಹಳ ದಿನಗಳ ಮೇಲೆ ಹುರುಪಿತ್ತು. "ತಾಯಿ, ನೀನೂ ನೋಡು. ನಿನಗೋಸ್ಕರ ತಾನೆ ಮಾಡಿಸಿದ್ದು."

ಸೊಸೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ತಾತ ಹುಸಿ ತೋಟಾ ತುಂಬಿ, ನಳಿಗೆಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿ, ಸೇಫ್ಟಿಯನ್ನು ಹಿಂದಕ್ಕೆಳೆದು ಬೀಗ ಹಾಕಿದ. "ಈಗ ಕಾಡಿಂದ ಬಂದೆ ಅಂದ್ಕೊಳ್ಳಿ." ಹೆಬ್ಬೆರಳಿನಿಂದ ತಳ್ಳಿ ಬೋಲ್ಟ್ ಎಳೆದ. ತೋಟಾ ಮೇಜಿನ ಮೇಲೆ ಉರುಳಿತು. "ಆಯ್ತಾ?"

ಗುಬ್ಬಿ ಅಪ್ಪನ ಮುಖ ನೋಡಿದಳು.

"ಏನಾಯ್ತು?"

"ತಾತ, ಅದು ಪೂರ್ತಿ ಮುಂದೆ ಹೋಯ್ತು" ಎಂದಳು ಗುಬ್ಬಿ. "ನಡುವೆ ನಿಲ್ಲಲಿಲ್ಲ."

ತಾತ ಬಗ್ಗಿ ನೋಡಿದ. ಹೌದು. ಮತ್ತೆ ತುಂಬಿದ, ಮತ್ತೆ ತಳ್ಳಿದ. ಟಕ್ ಟಕ್ ಎಂದು ಎರಡು ಸದ್ದೂ ಒಟ್ಟಿಗೇ ಆದವು. ಮೂರನೆಯ ಸಲ ನಿಧಾನವಾಗಿ ಮಾಡಲು ನೋಡಿದ. ಊದಿದ ಹೆಬ್ಬೆರಳು ಬಲ ಹಾಕುವವರೆಗೂ ಅಲುಗಲಿಲ್ಲ, ಬಲ ಹಾಕಿದ ಮೇಲೆ ನಿಲ್ಲಲಿಲ್ಲ.

"ಕೊಡು ಇಲ್ಲಿ" ಎಂದು ಗುಬ್ಬಿ ಕೋವಿ ತಗೊಂಡಳು. ಇಷ್ಟು ವಾರಗಳಲ್ಲಿ ಅವಳು ಅದನ್ನು ಮುಟ್ಟಿದ್ದು ಇದೇ ಮೊದಲು. ಟಕ್. ನಿಂತಿತು. ಬೋಲ್ಟ್ ಎಳೆದಳು. ತೋಟಾ ಹೊರಬಂತು.

"ಹೊಸದು, ಬಿಗಿಯಾಗಿದೆ" ಎಂದ ತಾತ. "ಬಳಸ್ತಾ ಬಳಸ್ತಾ ಸರಿಹೋಗುತ್ತೆ."

ಮುಂದಿನ ದಿನಗಳಲ್ಲಿ ಮಗನೂ ಗುಬ್ಬಿಯೂ ಕೆಲಸಕ್ಕೆ ಹೋದ ಮೇಲೆ ತಾತ ಕೋವಿ ಇಟ್ಟುಕೊಂಡು ಮೇಜಿನ ಮುಂದೆ ಕೂರುತ್ತಿದ್ದ. ಸೊಸೆಗೆ ಆ ವಾರ ಮಧ್ಯಾಹ್ನದ ಪಾಳಿ. ಅಡಿಗೆಮನೆಯಲ್ಲಿ ಡಬ್ಬಿ ಕಟ್ಟುತ್ತಾ, ನೆಲ ಒರೆಸುತ್ತಾ, ಒದ್ದೆ ಬಟ್ಟೆಗಳನ್ನು ಒಲೆಯ ಹತ್ತಿರ ಸರಿಸುತ್ತಾ ಅವಳಿಗೆ ಆ ಸದ್ದು ಕೇಳುತ್ತಿತ್ತು. ಟಕ್ ಟಕ್. ಆಮೇಲೆ ಒಂದು ನಿಟ್ಟುಸಿರು. ಮತ್ತೆ ಟಕ್ ಟಕ್. ಒಮ್ಮೆ ಅವನು ಹೆಬ್ಬೆರಳಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದ. ಮಾಂಸ ಕಡಿಯುವ ದೊಡ್ಡ ಚಾಕುವನ್ನು ಮಗನಿಗೆ ಮಸೆಯಲು ಕೊಟ್ಟ, ಎಲ್ಲ ಸರಿಯಿದೆ ಎನ್ನುವಂತೆ. ಮಗ ಮಸೆದುಕೊಟ್ಟ. ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು.

ಶನಿವಾರ ಊಟಕ್ಕೆ ಕೂತಾಗ ತಾತ, "ನಾಳೆ ಕೊನೇ ಭಾನುವಾರ" ಎಂದ.

"ಹೂಂ" ಎಂದಳು ಗುಬ್ಬಿ.

"ಕೋವಿ ನಾನೇ ಎತ್ಕೊಂಡು ಹೋಗ್ತೀನಿ. ತೋಟಾ ತೆಗೆಯೋದು ಬೇಕಾದ್ರೆ ನೀನು ತೆಗಿ."

ಗುಬ್ಬಿ ತನ್ನ ತಟ್ಟೆ ನೋಡಿದಳು. ಮಗ ನೀರು ಕುಡಿದ. ತಾತ ಬ್ರೆಡ್ಡಿನ ಚೂರನ್ನು ಅಲ್ಲೇ ಬಿಟ್ಟು ಸೊಸೆಯ ಕಡೆ ತಿರುಗಿದ. "ನೀನು ಹೇಳು ತಾಯಿ. ಇವರಿಬ್ರೂ ನನ್ನ ಮುಖ ನೋಡಿ ಹೇಳಲ್ಲ. ವಾರವೆಲ್ಲ ಅಡಿಗೆಮನೇಲಿ ನಿಂತು ಕೇಳಿಸ್ಕೊಂಡಿದ್ದೀಯ. ಒಂದ್ಸಲನಾದ್ರೂ ನಡುವೆ ನಿಂತಿತಾ?"

ಸೊಸೆಗೆ ಹೂಂ ಅನ್ನಬೇಕೆನಿಸಿತು. ದಣಿವಾಗಿತ್ತು. ಹೂಂ ಅಂದರೆ ಊಟ ಮುಗಿಯುತ್ತಿತ್ತು, ತಟ್ಟೆ ತೊಳೆದು ಮಲಗಬಹುದಿತ್ತು.

"ಇಲ್ಲ ಮಾವ" ಎಂದಳು. "ಒಂದ್ಸಲಾನೂ ನಿಲ್ಲಲಿಲ್ಲ."

ತಾತ ತಲೆಯಾಡಿಸಿದ. ಅವಳು ಸುಳ್ಳು ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು.

"ಹಳೇದನ್ನೇ ವಾಪಸ್ ಹಾಕಿಸಿದ್ರೆ?" ಎಂದ ಮಗ ಮೆಲ್ಲಗೆ. "ನಿನ್ನ ಕೈಗೆ ಅದೇ ಹೊಂದುತ್ತೆ ಅಂದ್ರೆ..."

"ಹಾಕಿಸಿದ್ರೆ ಇವಳ ಕೈಗೆ ಅಪಾಯ. ಬಿಟ್ರೆ ನನ್ನ ಕೈಯಿಂದ ಅಪಾಯ." ತಾತ ಊದಿದ ಕೈಯನ್ನು ಈ ಸಲ ಜೇಬಿಗೆ ಹಾಕಿಕೊಳ್ಳಲಿಲ್ಲ, ಮೇಜಿನ ಮೇಲೇ ಇಟ್ಟ. "ಹಿಂಗೇ ಇರ್ಲಿ. ಗುಬ್ಬೀ, ಸೋಮವಾರ ಹೋಗಿ ಕೋವಿಯ ಪರವಾನಗಿ ನಿನ್ನ ಹೆಸರಿಗೆ ಬರೆಸೋಣ."

"ನನಗೆ ಬೇಡ ತಾತ. ನೀನಿಲ್ದೆ ನನಗೆ ಆ ಕಾಡು ಏನು ಗೊತ್ತು?"

"ನಾನಿಲ್ದೆ ಅಂತ ಯಾರಂದ್ರು? ಬರ್ತೀನಿ. ಕೈ ಬೀಸ್ಕೊಂಡು ಬರ್ತೀನಿ." ಸ್ವಲ್ಪ ತಡೆದು, "ನಿಮ್ಮಮ್ಮ ಬಿಟ್ರೆ" ಎಂದು ಸೇರಿಸಿದ.

ಸೊಸೆ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. "ಹೋಗಿ ಬನ್ನಿ" ಎಂದಳು. "ಬೆಳಿಗ್ಗೆ ಎದ್ದು ಬ್ರೆಡ್ ಕಟ್ಟಿಕೊಡ್ತೀನಿ. ಆದ್ರೆ ಈಗ ಯಾರಾದ್ರೂ ಒಬ್ರು ಪಾತ್ರೆ ತೊಳೀರಿ. ನನ್ನ ಕೈಲಾಗಲ್ಲ."

ಮಗ ಎದ್ದ. ತಾತನೂ ಎದ್ದ. ಮಗ ತೊಳೆದ, ತಾತ ಒರೆಸಿಟ್ಟ.

ಬೆಳಿಗ್ಗೆ ಮಂಜಿತ್ತು. ಬಾಗಿಲಲ್ಲಿ ತಾತ ತನ್ನ ಎರಡು ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ನಿಂತಿದ್ದ. ಸೊಸೆ ಊಟದ ಚೀಲವನ್ನು ಅವನ ಭುಜಕ್ಕೆ ಹಾಕಿದಳು. ಗುಬ್ಬಿ ಕೋವಿಯನ್ನು ಖಾಲಿಯಾಗಿಯೇ ಹೆಗಲಿಗೇರಿಸಿಕೊಂಡು ಬೇಲಿ ದಾಟಿದಳು.

ಗದ್ದೆಯ ಬದುವಿನ ಮೇಲೆ ಎಂದಿನಂತೆ ತಾತ ಮುಂದೆ, ಅವಳು ಹಿಂದೆ. ಕಾಡಿನ ಅಂಚಿಗೆ ಬಂದ ಮೇಲೆ ಅವಳು ನಿಂತು ತೋಟಾ ತುಂಬಿದಳು, ಸೇಫ್ಟಿ ಹಿಂದಕ್ಕೆಳೆದಳು. ಕೋವಿ ತುಂಬಿದವರು ಮುಂದೆ ನಡೆಯಬೇಕು, ಬರಿಗೈಯವರು ಬೆನ್ನ ಹಿಂದೆ ಇರಬೇಕು. ಅವಳಿಗೆ ಅದನ್ನು ಕಲಿಸಿದವನೂ ತಾತನೇ. ಆದರೂ ಅವಳು ಹೇಳಲಾರದೆ ಸುಮ್ಮನೆ ನಿಂತಳು. ತಾತ ಹತ್ತು ಹೆಜ್ಜೆ ಹೋದ ಮೇಲೆ ಹಿಂದೆ ತಿರುಗಿ ನೋಡಿದ. ದಾರಿಯಿಂದ ಪಕ್ಕಕ್ಕೆ, ಒದ್ದೆ ಹುಲ್ಲಿನ ಮೇಲೆ ಸರಿದು, "ಹೋಗು" ಎಂದು ಕೈ ತೋರಿಸಿದ.

ಅವಳು ಅವನನ್ನು ದಾಟಿ ಮುಂದೆ ಹೋದಳು. ಅವಳ ಉದ್ದ ಕಾಲಿನ ಹೆಜ್ಜೆ ಇಷ್ಟು ದೊಡ್ಡದೆಂದು ಹಿಂದೆ ನಡೆಯುವವರೆಗೂ ಅವನಿಗೆ ತಿಳಿದಿರಲಿಲ್ಲ. ಮರಗಳ ನಡುವೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಸಿರು ಮೇಲೆ ಬಂತು.

"ಗುಬ್ಬೀ" ಎಂದು ಪಿಸುದನಿಯಲ್ಲಿ ಕರೆದ.

ಅವಳು ನಿಂತಳು. "ಏನಾದ್ರೂ ಕಾಣ್ತಾ ತಾತ?"

"ಇಲ್ಲ. ಒಂಚೂರು ನಿಧಾನ ನಡಿಯೇ. ನನಗೆ ವಯಸ್ಸಾಯ್ತು."

ಅವಳು ಹೂಂ ಎಂದಳು. ಹೆಜ್ಜೆ ಚಿಕ್ಕದು ಮಾಡಿಕೊಂಡು ನಡೆದಳು.